ಚೀಲದೊಳಗಿನ ಕಲ್ಲು

ತೂಕದ ಕಲ್ಲನ್ನು ಮಗುಚಿ ನೋಡಿದವರು ಕಡಿಮೆ. ಮೇಲೆ ಎಷ್ಟು ಕಿಲೋ ಎಂದು ಅಚ್ಚೊತ್ತಿರುತ್ತದೆ, ಗಿರಾಕಿಗೆ ಅಷ್ಟು ಸಾಕು. ತಳದಲ್ಲೊಂದು ಗುಂಡಿ, ಗುಂಡಿಯೊಳಗೆ ಸೀಸ, ಸೀಸದ ಮೇಲೆ ತೂಕ-ಅಳತೆ ಇಲಾಖೆಯವರು ಬಡಿದ ಮುದ್ರೆ. ಎರಕದ ಕಬ್ಬಿಣ ಸವೆದರೆ ಸೀಸ ತುಂಬಿ ತೂಕ ಸರಿಮಾಡುತ್ತಾರೆ. ಅದೇ ಸೀಸವನ್ನು ಯಾರಾದರೂ ಮೆಲ್ಲಗೆ ಕೆರೆದು ತೆಗೆದರೆ ಅಂಕಿ ಅಲ್ಲಾಡುವುದಿಲ್ಲ, ಕಲ್ಲು ಮಾತ್ರ ಹಗುರಾಗುತ್ತದೆ. ಬೆಟಗೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನಮ್ಮಜ್ಜ ಮುದ್ರೆ ಹಾಕಿಸುವ ದಿನ ಬಂತೆಂದರೆ ಕಲ್ಲುಗಳನ್ನೆಲ್ಲ ತೊಳೆದು, ಒರೆಸಿ, ಗೋಣಿಚೀಲದಲ್ಲಿ ತುಂಬಿ ಸೈಕಲ್ಲಿಗೆ ಕಟ್ಟುತ್ತಿದ್ದ. ಮಕ್ಕಳನ್ನು ದೀಕ್ಷಾಸ್ನಾನಕ್ಕೆ ಕರೆದೊಯ್ಯುವವನ ಗಾಂಭೀರ್ಯ ಮುಖದ ಮೇಲೆ.

ಅಜ್ಜ ಕ್ರೈಸ್ತ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಘಟ್ಟ ಹತ್ತಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. ಅವರು ಬರುವ ಮೊದಲೇ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಆ ದೊಡ್ಡ ಗ್ರಂಥದಲ್ಲಿ ಅಜ್ಜನಿಗೆ ಒಗ್ಗಿದ್ದು ಜ್ಞಾನೋಕ್ತಿಗಳ ಪುಸ್ತಕ. ಅದರ ಪುಟಗಳಿಗೆ ಬೆಲ್ಲದ ಜಿಗಿ ಹತ್ತಿ, ಬಿಡಿಸುವಾಗ ಚಟ್ಟೆಂದು ಸದ್ದಾಗುತ್ತಿತ್ತು. ಒಟ್ಟು 31 ಅಧ್ಯಾಯ. ತಾರೀಖು ನೋಡಿ ಆ ದಿನದ ಅಧ್ಯಾಯ ಓದುವ ರೂಢಿ ಅನೇಕ ಕ್ರೈಸ್ತ ಮನೆಗಳಲ್ಲಿದೆ. (31 ಇಲ್ಲದ ತಿಂಗಳುಗಳಲ್ಲಿ ಕೊನೆಯ ಅಧ್ಯಾಯದ ಗುಣವತಿ ಗೃಹಿಣಿಗೆ ರಜೆ. ವರ್ಷವಿಡೀ ಅಷ್ಟು ದುಡಿಯುವವಳಿಗೆ ಅದು ಸಲ್ಲಬೇಕಾದದ್ದೇ.)

ಭಕ್ತಿಯ ಪುಸ್ತಕವೆಂದು ಕೈಗೆತ್ತಿಕೊಂಡರೆ ಇದರಲ್ಲಿ ಸಿಗುವುದು ಸಂತೆಯ ಗದ್ದಲ. ಸುಳ್ಳು ತಕ್ಕಡಿಯ ಮಾತು, ಕಳ್ಳತೂಕದ ಮಾತು ಮತ್ತೆ ಮತ್ತೆ ಬರುತ್ತದೆ, 20ನೆಯ ಅಧ್ಯಾಯ ಒಂದರಲ್ಲೇ ಎರಡು ಸಲ. ಒಂದು ಕಡೆಯಂತೂ ಚೀಲದೊಳಗಿನ ಕಲ್ಲುಗಳೆಲ್ಲ ದೇವರ ಕೈಗೆಲಸವೇ ಎಂಬರ್ಥದ ಮಾತಿದೆ. ಆಗಿನ ವರ್ತಕರು ತೂಕದ ಕಲ್ಲುಗಳನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಕೊಳ್ಳಲೊಂದು, ಮಾರಲೊಂದು ಎಂದು ಎರಡು ಬಗೆಯ ಕಲ್ಲು ಇಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರವೇ ಕಟ್ಟು ಮಾಡಿತ್ತು. ಯೆಹೂದ ಸೀಮೆಯ ನೆಲ ಅಗೆದಾಗ ಆ ಕಾಲದ ಕಲ್ಲುಗಳು ಸಿಕ್ಕಿವೆ: ಸುಣ್ಣಕಲ್ಲಿನವು, ತಲೆ ಗುಂಡಗೆ, ಮೇಲೆ ಗುರುತು ಕೊರೆದದ್ದು. ಒಂದು ಶೆಕೆಲ್ ಅಂದರೆ ಸುಮಾರು 11.3 ಗ್ರಾಂ. ನಮ್ಮ ತೊಲ 11.66 ಗ್ರಾಂ. ಸೊಲೊಮೋನನ ಮಾತುಗಳನ್ನು ಹಿಜ್ಕೀಯ ರಾಜನ ಕಡೆಯವರು ಬರೆದಿಟ್ಟುಕೊಂಡರೆಂದು 25ನೆಯ ಅಧ್ಯಾಯ ಹೇಳುತ್ತದಲ್ಲ, ಈ ಕಲ್ಲುಗಳೂ ಹೆಚ್ಚುಕಡಿಮೆ ಅದೇ ಕಾಲದವು. ಇನ್ನು ತಕ್ಕಡಿ ಅಲುಗಿಸಬೇಡ, ತೂಕ ತಿದ್ದಬೇಡ ಎಂಬ ಬುದ್ಧಿಮಾತು ಅದಕ್ಕೂ ಹಿಂದಿನ ಈಜಿಪ್ಟಿನ ಅಮೆನೆಮೋಪೆಯ ಬರಹದಲ್ಲೂ ಇದೆ. ಕಳ್ಳತೂಕಕ್ಕೆ ದೇಶಭಾಷೆಗಳ ಭೇದವಿದ್ದಂತಿಲ್ಲ.

ಅಜ್ಜನ ಮೆಚ್ಚಿನ ವಚನ ಮಾತ್ರ ಗಿರಾಕಿಯ ಮೇಲಿನದು. ಅದೇ 20ನೆಯ ಅಧ್ಯಾಯದಲ್ಲಿ, ಎರಡು ಕಳ್ಳತೂಕಗಳ ನಡುವೆ ಅದು ಕೂತಿದೆ. ಕೊಳ್ಳುವವನು ಮಾಲು ಕೆಟ್ಟದ್ದು, ಕೆಟ್ಟದ್ದು ಎಂದು ಹಳಿದು, ಆಚೆ ಹೋದ ಮೇಲೆ ತಾನು ಗಿಟ್ಟಿಸಿದ್ದನ್ನು ಕೊಚ್ಚಿಕೊಳ್ಳುತ್ತಾನಂತೆ. ಯಾರಾದರೂ “ಬೆಲ್ಲ ಭಾಳ ಕಪ್ಪದ ಬಿಡ್ರಿ, ಯಾರ ತಗೋತಾರ ಇದನ್ನ?” ಎಂದರೆ ಅಜ್ಜ ನಕ್ಕು, “ಇಪ್ಪತ್ತನೇ ಅಧ್ಯಾಯ!” ಅನ್ನುತ್ತಿದ್ದ. ಅದೇನೋ ರಿಯಾಯಿತಿ ಇರಬೇಕೆಂದು ಗಿರಾಕಿ ಕಾದು ನಿಲ್ಲುತ್ತಿದ್ದ.

ನಮ್ಮ ಸಭೆಗಳಲ್ಲಿ ಹೊಸ ವರ್ಷಕ್ಕೆ ವಾಗ್ದಾನದ ಚೀಟಿ ಎತ್ತುವ ಪದ್ಧತಿಯಿದೆ. ಸಮಾಧಾನ, ಸಮೃದ್ಧಿ, ರೆಕ್ಕೆಯ ಮರೆ ಎಲ್ಲ ಬರುತ್ತವೆ. ತಕ್ಕಡಿಯ ವಚನ ಯಾರ ಪಾಲಿಗೂ ಬಂದದ್ದನ್ನು ನಾನು ಕಂಡಿಲ್ಲ. ಪೆಟ್ಟಿಗೆಗೆ ಅದನ್ನು ಹಾಕುವವರೇ ಇಲ್ಲವೆಂದು ನನ್ನ ಅನುಮಾನ.

ಅಜ್ಜ ತೀರಿಕೊಂಡು ಎಷ್ಟೋ ಕಾಲದ ಮೇಲೆ ಅವನ ಮನೆ ಮಾರುವ ಮಾತು ಬಂತು. ಕೊಳ್ಳಲು ಬಂದವರು ಒಳ್ಳೆಯ ಬೆಲೆಯನ್ನೇ ಹೇಳಿದರು. ಕಾಗದದಲ್ಲಿ ಸರ್ಕಾರಿ ರೇಟು ಬರೆಸೋಣ, ಉಳಿದದ್ದು ಕೈಯಲ್ಲಿ ಕೊಡುತ್ತೇವೆ ಎಂದರು. ಅವರಿಗೆ ಮುದ್ರಾಂಕ ಶುಲ್ಕ ಉಳಿಯುತ್ತದೆ, ನಮಗೆ ತೆರಿಗೆ. ಊರೆಲ್ಲ ಮಾಡುವುದೇ ಹಾಗೆ.

ಮನೆಯಲ್ಲಿ ಸಭೆ ಕೂಡಿತು. ಕ್ರೈಸ್ತರ ಮನೆ, ಆದ್ದರಿಂದ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ವಚನ. ಹಾವಿನಂತೆ ಜಾಣರಾಗಿರಬೇಕೆಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಎಂದರು ಕಾಕಾ. ಅದೇ ಮಾತಿನಲ್ಲಿ ಮುಂದೆ ಪಾರಿವಾಳವೂ ಇದೆ ಎಂದ ಅವರ ಮಗ. ಇನ್ನೊಬ್ಬರು ಕೈಸರನ ಪಾಲು ಕೈಸರನಿಗೆ ಕೊಡಿ ಎಂಬುದನ್ನು ತೆಗೆದರು. ಮೂರ್ಖನಿಗೆ ಉತ್ತರ ಕೊಡಬೇಡ ಎಂಬುದೂ ಉತ್ತರ ಕೊಡು ಎಂಬುದೂ ಜ್ಞಾನೋಕ್ತಿಗಳಲ್ಲಿ ಅಕ್ಕಪಕ್ಕದಲ್ಲೇ ಇವೆ. ಆ ಹೊತ್ತಿನಲ್ಲಿ ನನಗೆ ಎರಡೂ ನೆನಪಾದವು, ಯಾರ ಮೇಲೆ ಯಾವುದು ಎಂಬುದು ತಿಳಿಯಲಿಲ್ಲ. ಕಡೆಗೆ ಕಾಕಾ, “ಎಲ್ಲಾರೂ ಒಂದ ವಾರ ಪ್ರಾರ್ಥನಿ ಮಾಡೋಣು. ಕರ್ತರು ಬುದ್ಧಿ ಕೊಡ್ತಾರ” ಎಂದರು. ಯಾಕೋಬನ ಪತ್ರಿಕೆಯಲ್ಲಿ ಇದಕ್ಕೆ ಆಧಾರವೂ ಇದೆ: ಬುದ್ಧಿ ಕಡಿಮೆಬಿದ್ದವನು ಕೇಳಲಿ, ದೇವರು ಬೈಯದೆ ಕೊಡುತ್ತಾನೆ ಎಂದು.

ಅಲ್ಲಿಯವರೆಗೆ ಸುಮ್ಮನೆ ಕಡಲೆಕಾಯಿ ಸುಲಿಯುತ್ತ ಕೂತಿದ್ದ ದೊಡ್ಡವ್ವ ತಲೆಯೆತ್ತಿದಳು.

“ಏನಂತ ಕೇಳೂದು? ಕಳವು ಮಾಡ್ಲೋ ಬ್ಯಾಡೋ ಅಂತನಾ? ಅದನ್ನ ಆಗಲೇ ಹೇಳಿ ಮುಗಿಸ್ಯಾನಲ್ಲೋ. ಕೇಳೂದಿದ್ರ ಬ್ಯಾರೆ ಕೇಳ್ರಿ. ರೊಕ್ಕ ಕಡಿಮಿ ಬರ್ತದ, ಅದನ್ನ ಜಗಳ ಇಲ್ಲದ ಹಂಚಕೊಳ್ಳೂದು ಹೆಂಗ ಅಂತ ಕೇಳ್ರಿ.”

ದೈವಜ್ಞಾನದ ಬಗ್ಗೆ ನಾನು ಕೇಳಿದ ಪ್ರಸಂಗಗಳಲ್ಲಿ ಇಷ್ಟು ಗಿಡ್ಡದ್ದು ಬೇರೊಂದಿಲ್ಲ. ನಾವು ಪ್ರಾರ್ಥನೆಗೆ ಬಿಡುವ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಮೊದಲೇ ಬಂದಿರುತ್ತದೆ. ಅದು ನಮಗೆ ರುಚಿಸಿರುವುದಿಲ್ಲ, ಆದ್ದರಿಂದ ಮತ್ತೆ ಕೇಳುತ್ತಿರುತ್ತೇವೆ. ನಿಜವಾಗಿ ಉತ್ತರ ಗೊತ್ತಿಲ್ಲದ ಕಡೆ, ಅಂದರೆ ಯಾರಿಗೆ ಯಾವ ಮಾತು, ಯಾವಾಗ ಮೌನ, ಎಷ್ಟರವರೆಗೆ ತಾಳ್ಮೆ ಎಂಬಲ್ಲಿ, ಕೇಳುವುದನ್ನೇ ಮರೆಯುತ್ತೇವೆ. ಜ್ಞಾನೋಕ್ತಿಗಳಲ್ಲಿ ಜ್ಞಾನವೆಂಬ ಹೆಂಗಸು ಕೂಗುವುದು ದೇವಾಲಯದಲ್ಲಿ ಅಲ್ಲ, ನಾಲ್ಕು ದಾರಿ ಕೂಡುವಲ್ಲಿ, ಊರಬಾಗಿಲಲ್ಲಿ. ಆ ಕಾಲದ ಊರಬಾಗಿಲೆಂದರೆ ನ್ಯಾಯ ಹೇಳುವ ಜಾಗ, ಜಮೀನು ಕೈಬದಲಾಗುವ ಜಾಗ. ಬೈಬಲಿನ ಕಥೆಯಲ್ಲಿ ಬೋವಜನು ರೂತಳ ಸಲುವಾಗಿ ಹೊಲ ಬಿಡಿಸಿಕೊಂಡದ್ದು ಅಲ್ಲೇ, ಹಿರಿಯರೆದುರಿಗೆ. ಈಗಿನ ಲೆಕ್ಕದಲ್ಲಿ ಅದು ಸಬ್ ರಿಜಿಸ್ಟ್ರಾರ್ ಕಚೇರಿ.

ಮೊದಲು ಬಂದವರು ನಮ್ಮ ಮಾತು ಕೇಳಿ ಹಿಂದೆ ಸರಿದರು. ಎರಡನೆಯವರು ಮನೆ ಹಳೆಯದು, ಮಾಳಿಗೆ ಸೋರುತ್ತದೆ ಎಂದು 20ನೆಯ ಅಧ್ಯಾಯದ ಪ್ರಕಾರವೇ ಹಳಿದು, ಕಡಿಮೆಗೆ ಕೇಳಿ, ಪೂರ್ತಿ ಬೆಲೆಯನ್ನು ಕಾಗದದಲ್ಲಿ ಬರೆಸಿಕೊಂಡರು. ಪತ್ರ ಬರೆಯುವವನು ಅಂಕಿ ನೋಡಿ, “ಇಷ್ಟೂ ಬರಸ್ತೀರೇನ್ರಿ?” ಎಂದು ಎರಡೆರಡು ಸಲ ಕೇಳಿದ. ದೊಡ್ಡವ್ವ ಹೆಬ್ಬೆಟ್ಟೊತ್ತಿದಳು. ಕಾಕಾ ಸಹಿ ಮಾಡಿದರು, ಆದರೆ ಅಂದಿನಿಂದ ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಮುನಿದ ಒಡಹುಟ್ಟಿದವನು ಕೋಟೆಗಿಂತ ಬಿಗಿ ಎಂದು 18ನೆಯ ಅಧ್ಯಾಯದಲ್ಲಿದೆ. ಕ್ರಿಸ್‌ಮಸ್ಸಿಗೆ ಬರುವಂತೆ ಹೇಳಿ ಕಳಿಸಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಈ ವಿಷಯಕ್ಕಂತೂ ಮನೆಯಲ್ಲಿ ಪ್ರಾರ್ಥನೆ ನಡೆದಿದೆ.