ಏಳು ಗುಡ್ಡಗಳ ಊರಿನಲ್ಲಿ ಒಂದು ಹಾಸಿಗೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಆದರೆ ಆ ಹಾಸಿಗೆಯನ್ನೇ ಒಂದೊಂದು ರಾತ್ರಿಗೆ ಬಾಡಿಗೆ ಹಿಡಿಯಬೇಕಾದ ಊರಿನಲ್ಲಿ, ಅದರ ಬೆಲೆಯೂ ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ, ಕಾಲು ಚಾಚುವುದಕ್ಕೆ ಮೊದಲು ಯೋಚಿಸಬೇಕಾದ ಸಂಗತಿಗಳು ಹಲವಿವೆ. ಯೂರೋಪಿನ ಪಶ್ಚಿಮದ ಅಂಚಿನಲ್ಲಿ, ತೇಜು ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಎಡೆಯಲ್ಲಿರುವ ಲಿಸ್ಬನ್ ಅಂತಹ ಒಂದು ನಗರ.

ಪೋರ್ಚುಗಲ್ಲಿನ ಈ ರಾಜಧಾನಿಯು ಬಹುಕಾಲ ಪಶ್ಚಿಮ ಯೂರೋಪಿನ ಅಗ್ಗದ ಊರೆಂದು ಹೆಸರಾಗಿತ್ತು. ಬೆನ್ನಿಗೊಂದು ಚೀಲ ಏರಿಸಿಕೊಂಡು ದೇಶ ಸುತ್ತುವ ತರುಣ ತರುಣಿಯರು ಪ್ಯಾರಿಸ್ಸಿನಲ್ಲಿ ಎರಡು ದಿನ ಕಳೆಯುವ ಹಣದಲ್ಲಿ ಇಲ್ಲಿ ನಾಲ್ಕು ದಿನ ಹಾಯಾಗಿ ಇರಬಹುದೆಂದು ಧಾವಿಸುತ್ತಿದ್ದರು. ಇಂದಿಗೂ ಅವರು ಬರುತ್ತಲೇ ಇದ್ದಾರೆ. ಅಗ್ಗ ಮಾತ್ರ ಹಿಂದಿನಂತೆ ಉಳಿದಿಲ್ಲ. ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ಓದುತ್ತಿರುವ ನಮ್ಮ ಮನೆಗಳ ಮಕ್ಕಳು ರಜೆಯಲ್ಲಿ ನೋಡಬಯಸುವ ಊರುಗಳಲ್ಲಿ ಇದೂ ಒಂದಾದುದರಿಂದ, ಅಲ್ಲಿ ತಂಗುವ ಬಗೆಯನ್ನು ಮನೆಮಂದಿಯೆಲ್ಲ ಅರಿತಿರುವುದು ಲೇಸು.

ಹಾಸ್ಟೆಲೆಂದರೆ ನಮಗೆ ತಟ್ಟನೆ ನೆನಪಾಗುವುದು ವಿದ್ಯಾರ್ಥಿನಿಲಯ. ಯೂರೋಪಿನ ಪ್ರವಾಸಿ ಹಾಸ್ಟೆಲು ಬೇರೆಯದೇ ವಸ್ತು. ನಮ್ಮ ಛತ್ರಕ್ಕೂ ಹೋಟೆಲಿಗೂ ನಡುವಿನದು ಎನ್ನಬಹುದು. ಅಲ್ಲಿ ಬಾಡಿಗೆಗೆ ದೊರೆಯುವುದು ಕೋಣೆಯಲ್ಲ, ಹಾಸಿಗೆ. ಒಂದೇ ಕೋಣೆಯಲ್ಲಿ ನಾಲ್ಕು, ಆರು, ಎಂಟು, ಕೆಲವೆಡೆ ಹದಿನಾರು ಮಂದಿ ಮೇಲು ಕೆಳಗಿನ ಮಂಚಗಳಲ್ಲಿ ಮಲಗುತ್ತಾರೆ. ಸ್ನಾನದ ಮನೆ, ಅಡಿಗೆಯ ಮನೆ, ಹರಟೆಯ ಪಡಸಾಲೆ ಎಲ್ಲರಿಗೂ ಸಮಾನ. 1909ರಲ್ಲಿ ರಿಚರ್ಡ್ ಶಿರ್ಮನ್ ಎಂಬ ಜರ್ಮನ್ ಉಪಾಧ್ಯಾಯನು ತನ್ನ ಶಿಷ್ಯರನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ ಬಿರುಮಳೆಗೆ ಸಿಕ್ಕಿ, ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಬರಿದಾಗಿರುವ ಶಾಲೆಗಳು ನಡೆದು ಹೋಗುವ ಮಕ್ಕಳಿಗೆ ಏಕೆ ತಂಗುದಾಣಗಳಾಗಬಾರದು ಎಂಬ ಯೋಚನೆ ಆತನಿಗೆ ಹೊಳೆದುದು ಅಂದು. ಬಡ ವಿದ್ಯಾರ್ಥಿಗಳಿಗೆಂದು ಹುಟ್ಟಿದ ಆ ಏರ್ಪಾಡು ಇಂದು ದೊಡ್ಡ ವ್ಯಾಪಾರವಾಗಿ ಬೆಳೆದಿದೆ.

ಮೊದಲು ಗುಡ್ಡ, ಆಮೇಲೆ ಹಾಸಿಗೆ

ಲಿಸ್ಬನ್ ಏಳು ಗುಡ್ಡಗಳ ಮೇಲೆ ಹರಡಿದ ಊರೆಂಬುದು ವಾಡಿಕೆಯ ಮಾತು. ಭೂಪಟವು ದೂರವನ್ನು ತೋರಿಸುತ್ತದೆಯೇ ಹೊರತು ಎತ್ತರವನ್ನು ತೋರಿಸುವುದಿಲ್ಲ. ನಿಲ್ದಾಣದಿಂದ ಮುನ್ನೂರು ಗಜ ಎಂದು ಜಾಹೀರಾತಿನಲ್ಲಿ ಓದಿ ನಲಿದವನು, ಆ ಮುನ್ನೂರು ಗಜವೂ ಮೆಟ್ಟಿಲುಗಳೇ ಎಂಬುದನ್ನು ಹೊರೆ ಹೊತ್ತಾಗಲೇ ಅರಿಯುತ್ತಾನೆ. ಬೀದಿಗಳಿಗೆ ಹಾಸಿರುವ ಸಣ್ಣ ಸಣ್ಣ ಸುಣ್ಣದ ಕಲ್ಲುಗಳು ನೋಡಲು ಚೆಲುವು. ಮಳೆ ಬಿದ್ದರೆ ಎಣ್ಣೆ ಸವರಿದಂತೆ ಜಾರುತ್ತವೆ. ಗಾಲಿ ಹಚ್ಚಿದ ಪೆಟ್ಟಿಗೆಗೆ ಅವು ಶತ್ರುಗಳು. ಆದ್ದರಿಂದ ಮೊದಲು ಬಡಾವಣೆಯನ್ನು ಆರಿಸಿ, ಆ ಬಳಿಕ ಹಾಸಿಗೆಯನ್ನು ಹುಡುಕುವುದು ಜಾಣತನ.

ಊರಿನ ನಡುಭಾಗ ಬಾಯ್ಷಾ. 1755ರ ನವೆಂಬರ್ 1ರಂದು ಲಿಸ್ಬನ್ನನ್ನು ನೆಲಸಮ ಮಾಡಿದ ಭೂಕಂಪದ ತರುವಾಯ ಮಂತ್ರಿ ಪೊಂಬಾಲನು ಈ ಭಾಗವನ್ನು ಪಗಡೆಯ ಹಾಸಿನಂತೆ ನೇರ ಬೀದಿಗಳಾಗಿ ಮತ್ತೆ ಕಟ್ಟಿಸಿದನು. ನೆಲ ನಡುಗಿದರೂ ಕುಸಿಯದಿರಲೆಂದು ಗೋಡೆಗಳೊಳಗೆ ಮರದ ಪಂಜರಗಳನ್ನು ಇರಿಸಿದ ಆ ಹಳೆಯ ಕಟ್ಟಡಗಳಲ್ಲಿ ಎಷ್ಟೋ ಹಾಸ್ಟೆಲುಗಳಿವೆ. ನೆಲ ಮಟ್ಟಸ, ಮೆಟ್ರೊ ಹತ್ತಿರ, ನದಿಯೂ ಹತ್ತಿರ. ಆದರೆ ಬಾಡಿಗೆ ಹೆಚ್ಚು, ಹಲವು ಕಟ್ಟಡಗಳಿಗೆ ಲಿಫ್ಟು ಇಲ್ಲ. ಅಲ್ಲಿಯ ‘ಮೊದಲನೆಯ ಮಹಡಿ’ ನೆಲದ ಅಂತಸ್ತಿನ ಮೇಲಿನದು ಎಂಬುದನ್ನು ನೆನಪಿನಲ್ಲಿಟ್ಟು, ನಾಲ್ಕನೆಯ ಮಹಡಿಗೆ ಎಷ್ಟು ಮೆಟ್ಟಿಲೆಂದು ಲೆಕ್ಕ ಹಾಕಿಕೊಳ್ಳಬೇಕು.

ಪೂರ್ವದ ಗುಡ್ಡದ ಅಲ್ಫಾಮಾ ಆ ಭೂಕಂಪದಲ್ಲಿ ಬಹುಮಟ್ಟಿಗೆ ಉಳಿದುಕೊಂಡ ಹಳೆಯ ಕೇರಿ. ಅರಬ್ಬರ ಕಾಲದ ಹೆಸರು, ಅಂಕುಡೊಂಕಿನ ಓಣಿಗಳು, ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಹಾಕಿದ ಮನೆಗಳು. ಕಣ್ಣಿಗೆ ಹಬ್ಬವೇ ಸರಿ. ಮಂಡಿ ನೋವಿದ್ದವರಿಗಂತೂ ಶಿಕ್ಷೆ. ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬದಲ್ಲಿ ಬೀದಿಬೀದಿಯಲ್ಲೂ ಸಾರ್ಡೀನ್ ಮೀನು ಸುಡುವ ಹೊಗೆ, ಹಾಡು, ಕುಣಿತ. ಅಂದು ಅಲ್ಲಿ ನಿದ್ದೆಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಪಶ್ಚಿಮದ ಗುಡ್ಡದ ಬೈರು ಆಲ್ತುವಿಗಾದರೋ ವಾರಾಂತ್ಯದ ಪ್ರತಿ ರಾತ್ರಿಯೂ ಹಬ್ಬವೇ. ಹಗಲಿನಲ್ಲಿ ಮಲಗಿ ಇರುಳಿನಲ್ಲಿ ಏಳುವ ಕೇರಿ ಅದು. ಪಾನಗೃಹಗಳ ಗದ್ದಲವನ್ನು ಬಯಸಿ ಬಂದವನಿಗೆ ಅಲ್ಲಿಯ ಹಾಸ್ಟೆಲು ಒಪ್ಪುತ್ತದೆ. ಬೆಳಗ್ಗೆ ಎದ್ದು ಊರು ನೋಡುವವನಿಗೆ ಒಪ್ಪದು.

ಸ್ವಲ್ಪ ಉತ್ತರಕ್ಕೆ ಸರಿದರೆ ಆಂಜುಶ್, ಅರೋಯುಶ್, ಅಲಮೇಡಾ ಮುಂತಾದ ಬಡಾವಣೆಗಳು. ಚಿತ್ರಪಟಗಳಲ್ಲಿ ಇವು ಕಾಣಿಸಿಕೊಳ್ಳುವುದು ಕಡಮೆ. ಆದರೆ ಇಲ್ಲಿ ಊರಿನ ಜನ ವಾಸವಾಗಿದ್ದಾರೆ. ತರಕಾರಿ ಅಂಗಡಿ, ರೊಟ್ಟಿಯ ಅಂಗಡಿ, ಮಕ್ಕಳ ಶಾಲೆ ಇವೆ. ಅಲಮೇಡಾದಲ್ಲಿ ಮೆಟ್ರೊವಿನ ಕೆಂಪು ಮತ್ತು ಹಸಿರು ಮಾರ್ಗಗಳು ಸಂಧಿಸುತ್ತವೆ. ವಿಮಾನ ನಿಲ್ದಾಣದಿಂದ ಕೆಂಪು ಮಾರ್ಗದಲ್ಲಿ ನೇರವಾಗಿ ಬಂದು ಇಳಿಯಬಹುದು. ಹಸಿರು ಮಾರ್ಗದಲ್ಲಿ ನಡುಪೇಟೆಗೆ ಕೆಲವೇ ನಿಮಿಷ. ಮೊದಲ ಬಾರಿಗೆ ಹೋಗುವ ಮಿತವ್ಯಯದ ಪ್ರವಾಸಿಗೆ ಇದಕ್ಕಿಂತ ಅನುಕೂಲವಾದ ಜಾಗ ಅಪರೂಪ.

ಅಗ್ಗದ ಲೆಕ್ಕ

ಇನ್ನು ಹಣದ ಮಾತು. ಇಲ್ಲಿ ಹಾಸಿಗೆಗೆ ಗೊತ್ತಾದ ಬೆಲೆಯೆಂಬುದಿಲ್ಲ. ಜನವರಿಯ ಮಂಗಳವಾರ ಒಂದು ದರವಾದರೆ, ಜೂನಿನ ಶನಿವಾರ ಅದೇ ಮಂಚಕ್ಕೆ ಎರಡರಷ್ಟೋ ಅದಕ್ಕೂ ಮಿಗಿಲೋ. 2016ರಿಂದ ಸಾಮಾನ್ಯವಾಗಿ ನವೆಂಬರಿನಲ್ಲಿ ಸೇರುತ್ತಿರುವ ‘ವೆಬ್ ಸಮಿಟ್’ ಎಂಬ ಬೃಹತ್ ತಂತ್ರಜ್ಞಾನ ಸಮ್ಮೇಳನದ ವಾರದಲ್ಲಿಯೂ ದರ ಜಿಗಿಯುತ್ತದೆ. ದಿನಾಂಕವನ್ನು ನಾಲ್ಕು ದಿನ ಹಿಂದು ಮುಂದು ಮಾಡುವುದರಿಂದ ಉಳಿಯುವಷ್ಟು ಹಣ, ಬಡಾವಣೆ ಬದಲಿಸುವುದರಿಂದ ಎಷ್ಟೋ ವೇಳೆ ಉಳಿಯುವುದಿಲ್ಲ.

ಅಗ್ಗದ ಹಾಸಿಗೆಯೇ ಕಡಮೆ ಖರ್ಚಿನದೆಂಬುದೂ ಭ್ರಮೆ. ದೂರದ ಹಾಸ್ಟೆಲಿಗೆ ರಾತ್ರಿಗೆ 20 ಯೂರೋ, ನಡುಪೇಟೆಯದಕ್ಕೆ 28 ಯೂರೋ ಎಂದಿಟ್ಟುಕೊಳ್ಳೋಣ. ದೂರದವನು ಹೋಗಿ ಬರುವ ಮೆಟ್ರೊಗೆ ಮೂರು ನಾಲ್ಕು ಯೂರೋ ತೆರಬೇಕು. ಅಲ್ಲಿ ಉಪಾಹಾರವಿಲ್ಲದಿದ್ದರೆ ಅದಕ್ಕೆ ನಾಲ್ಕು, ತುವಾಲಿನ ಬಾಡಿಗೆಗೆ ಎರಡು. ಎಂಟು ಯೂರೋ ಉಳಿಸಹೊರಟವನು ಒಂಬತ್ತೋ ಹತ್ತೋ ಕಳೆದಂತಾಯಿತು. ರಾತ್ರಿ ಒಂದು ಗಂಟೆಗೆ ಮೆಟ್ರೊ ನಿಂತ ಮೇಲೆ ಟ್ಯಾಕ್ಸಿ ಹಿಡಿದರಂತೂ ಕೇಳುವುದೇ ಬೇಡ.

ಇದರ ಮೇಲೆ ನಗರಸಭೆಯ ಪ್ರವಾಸಿ ತೆರಿಗೆ. 2016ರಲ್ಲಿ ತಲೆಗೆ ರಾತ್ರಿಯೊಂದಕ್ಕೆ 1 ಯೂರೋ ಇದ್ದುದು 2019ರಲ್ಲಿ 2 ಆಯಿತು. 2024ರ ಸೆಪ್ಟೆಂಬರಿನಲ್ಲಿ 4ಕ್ಕೆ ಏರಿತು. ಹದಿಮೂರು ತುಂಬಿದ ಪ್ರತಿಯೊಬ್ಬರೂ ಹೆಚ್ಚೆಂದರೆ ಏಳು ರಾತ್ರಿಗೆ ಇದನ್ನು ತೆರಬೇಕು. ಅರಮನೆಯಂಥ ಹೋಟೆಲಿನಲ್ಲಿ ಮಲಗುವ ಶ್ರೀಮಂತನಿಗೂ ಹದಿನಾರು ಮಂಚಗಳ ಕೋಣೆಯ ವಿದ್ಯಾರ್ಥಿಗೂ ಅದೇ ನಾಲ್ಕು. ಐದು ರಾತ್ರಿ ತಂಗುವ ವಿದ್ಯಾರ್ಥಿಗೆ ತೆರಿಗೆಯೇ 20 ಯೂರೋ, ಅಂದರೆ ನಮ್ಮ ಲೆಕ್ಕದ ಅಗ್ಗದ ಹಾಸಿಗೆಯ ಒಂದು ರಾತ್ರಿಯ ಬಾಡಿಗೆ. ಜಾಹೀರಾತಿನ ದರದಲ್ಲಿ ಇದು ಅನೇಕ ವೇಳೆ ಸೇರಿರುವುದಿಲ್ಲ. ಹೋದ ಮೇಲೆ ಕೈಯಿಂದ ಕೊಡಬೇಕು.

ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಇನ್ನೂ ಕೆಲವಿವೆ. ಒಂದು ಸ್ನಾನದ ಮನೆಗೆ ಎಷ್ಟು ಮಂದಿ? ಬೀಗ ಹಾಕುವ ಪೆಟ್ಟಿಗೆಯು ಇಡೀ ಚೀಲ ಹಿಡಿಸುವಷ್ಟು ದೊಡ್ಡದೇ? ಮಂಚಕ್ಕೆ ಪರದೆಯೂ ಪ್ರತ್ಯೇಕ ದೀಪವೂ ಇದೆಯೇ? ಹೆಣ್ಣುಮಕ್ಕಳಿಗೆ ಬೇರೆ ಕೋಣೆಯುಂಟೇ, ನಡುರಾತ್ರಿಯಲ್ಲೂ ಬಾಗಿಲಲ್ಲಿ ಸಿಬ್ಬಂದಿ ಇರುವರೇ? ಚಳಿಗಾಲದಲ್ಲಿ ಹೋಗುವವರು ಕೋಣೆಗೆ ಕಾಯಿಸುವ ಏರ್ಪಾಡಿದೆಯೇ ಎಂದು ತಪ್ಪದೆ ವಿಚಾರಿಸಬೇಕು. ಲಿಸ್ಬನ್ನಿನಲ್ಲಿ ಹಿಮ ಬೀಳುವುದಿಲ್ಲವೆಂದು ಧೈರ್ಯ ಬೇಡ. ಹಳೆಯ ಮನೆಗಳೊಳಗಿನ ತೇವದ ಥಂಡಿ ಎಲುಬಿಗೆ ಇಳಿಯುತ್ತದೆ. ಹಿಂದೆ ತಂಗಿದವರ ಅಭಿಪ್ರಾಯಗಳನ್ನು ಓದುವಾಗ ಹೊಗಳಿಕೆಯನ್ನು ಬಿಟ್ಟು, ಇತ್ತೀಚಿನವರು ಮತ್ತೆ ಮತ್ತೆ ಹೇಳಿದ ದೂರು ಯಾವುದೆಂದು ನೋಡಿದರೆ ಸಾಕು. ವೀಸಾಕ್ಕೆ ತಂಗುವ ಸ್ಥಳದ ಪುರಾವೆ ಬೇಕಾಗುವುದರಿಂದ, ರದ್ದುಪಡಿಸಿದರೆ ಹಣ ಮರಳುವ ಷರತ್ತಿನ ಮೇಲೆಯೇ ಕಾಯ್ದಿರಿಸುವುದು ಕ್ಷೇಮ.

ಸಸ್ಯಾಹಾರಿಗಳಿಗೆ ಅಡಿಗೆಯ ಮನೆಯಿರುವ ಹಾಸ್ಟೆಲೇ ಗತಿ. ಹಸಿರು ಸೊಪ್ಪಿನ ಸಾರೆಂದು ಕಾಣುವ ಅಲ್ಲಿಯ ‘ಕಾಲ್ದು ವೆರ್ದೆ’ಯಲ್ಲೂ ಸಾಮಾನ್ಯವಾಗಿ ಮಾಂಸದ ತುಣುಕು ತೇಲುತ್ತಿರುತ್ತದೆ. ಆದರೆ ಮಾರ್ತಿಂ ಮುನೀಶ್ ಚೌಕದ ಸುತ್ತಲಿನ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಮಸಾಲೆ ಎಲ್ಲ ದೊರೆಯುತ್ತವೆ. ಮೊಜಾಂಬಿಕ್ಕಿನಿಂದ ಬಂದು ನೆಲಸಿದ ಗುಜರಾತಿ ಕುಟುಂಬಗಳು ಲುಮಿಯಾರ್ ಭಾಗದಲ್ಲಿ ಕಟ್ಟಿದ ರಾಧಾಕೃಷ್ಣ ದೇವಾಲಯದಲ್ಲಿ ಸಸ್ಯಾಹಾರದ ಭೋಜನಶಾಲೆಯೂ ಇದೆ.

ಆ ಹಾಸಿಗೆ ಯಾರ ಮನೆಯಲ್ಲಿತ್ತು?

ಇಷ್ಟು ಲೆಕ್ಕ ಹಾಕಿದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅಗ್ಗದ ಊರು ತುಟ್ಟಿಯಾದುದೇಕೆ? 2008ರ ತರುವಾಯದ ಆರ್ಥಿಕ ಸಂಕಟದಲ್ಲಿ ಪೋರ್ಚುಗಲ್ ಸಾಲದಲ್ಲಿ ಮುಳುಗಿತ್ತು. ನಡುಪೇಟೆಯ ಎಷ್ಟೋ ಹಳೆಯ ಕಟ್ಟಡಗಳು ಪಾಳುಬಿದ್ದಿದ್ದವು. 2012ರ ಶಾಸನವು ಹಳೆಯ ಬಾಡಿಗೆಗಳ ಕಟ್ಟನ್ನು ಸಡಿಲಿಸಿತು. 2014ರ ಶಾಸನವು ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆ ಕೊಡುವುದನ್ನು ಸುಲಭಗೊಳಿಸಿತು. ಕುಸಿಯುತ್ತಿದ್ದ ಗೋಡೆಗಳಿಗೆ ಸುಣ್ಣ ಬಣ್ಣ ಬಂದುದು ನಿಜ. ತರುಣರಿಗೆ ಉದ್ಯೋಗ ದೊರೆತುದೂ ನಿಜ. ಅದರೊಡನೆ ಅಲ್ಫಾಮಾ, ಮೊರಾರಿಯಾಗಳಲ್ಲಿ ತಲೆತಲಾಂತರದಿಂದ ಇದ್ದ ಮುದುಕ ಮುದುಕಿಯರು ಮನೆ ಬಿಡಬೇಕಾಯಿತು. 2018ರಲ್ಲಿ ನಗರಸಭೆಯು ಅಂತಹ ಕೇರಿಗಳಲ್ಲಿ ಹೊಸ ಪರವಾನಗಿಗಳನ್ನು ತಡೆಹಿಡಿಯಿತು. ಜನವಸತಿಯ ಕಟ್ಟಡದಲ್ಲಿ ಹಾಸ್ಟೆಲು ತೆರೆಯಲು ಅಲ್ಲಿಯ ಮನೆಗಳ ಒಡೆಯರ ಒಪ್ಪಿಗೆ ಬೇಕೆಂದು ಅದೇ ವರ್ಷ ಶಾಸನವಾಯಿತು. 2023ರಲ್ಲಿ ‘ಬಾಳಲು ಮನೆ ಬೇಕು’ ಎಂದು ಸಾವಿರಾರು ಮಂದಿ ಬೀದಿಗಿಳಿದರು.

ಹಾಗಾದರೆ ಪ್ರವಾಸಿ ಹೋಗಲೇಬಾರದೇ? ಹೋಗಬಾರದೆಂದು ಯಾರೂ ಹೇಳರು. ಆದರೆ ಆರಿಸುವ ಅಧಿಕಾರ ಅವನ ಕೈಯಲ್ಲಿದೆ. ಒಂದು ಸಂಸಾರವಿದ್ದ ಮನೆಯನ್ನು ಮೂವರು ಗೆಳೆಯರು ವಾರಕ್ಕೆ ಹಿಡಿಯುವುದಕ್ಕೂ, ನೂರು ಮಂದಿ ಒಂದೇ ಕಟ್ಟಡದಲ್ಲಿ ಹಂಚಿಕೊಂಡು ಮಲಗುವುದಕ್ಕೂ ಅಂತರವುಂಟು. ಹಂಚಿಕೊಂಡ ಹಾಸ್ಟೆಲು ಊರಿನಿಂದ ಕಡಮೆ ಜಾಗ ಕೇಳುತ್ತದೆ. ಜಾಹೀರಾತಿನಲ್ಲಿ ನೋಂದಣಿಯ ಸಂಖ್ಯೆ ಇದೆಯೇ ಎಂದು ನೋಡುವುದು, ರಾತ್ರಿ ಓಣಿಯಲ್ಲಿ ದನಿ ತಗ್ಗಿಸುವುದು, ನೆರೆಯ ಅಂಗಡಿಯಲ್ಲೇ ರೊಟ್ಟಿ ಕೊಳ್ಳುವುದು, ಇವಕ್ಕೆ ಹೆಚ್ಚು ಹಣ ಬೇಕಿಲ್ಲ.

ಕನ್ನಡಿಗನಿಗೆ ಲಿಸ್ಬನ್ ತೀರ ಪರಸ್ಥಳವೂ ಅಲ್ಲ. ವಿಜಯನಗರದ ವೈಭವವನ್ನು ಕಣ್ಣಾರೆ ಕಂಡು ಬರೆದ ಪಾಯೆಸ್ ಮತ್ತು ನೂನಿಜರ ವೃತ್ತಾಂತಗಳು ಮೊದಲು ಅಚ್ಚಾದುದು 1897ರಲ್ಲಿ ಈ ಊರಿನಲ್ಲೇ. ಹಾಸ್ಟೆಲಿನ ಬಾಗಿಲಲ್ಲಿ ಸಿಬ್ಬಂದಿಯು ‘ಶಾವೆ’ ಎಂದು ಕೀಲಿಕೈ ನೀಡಿದರೆ, ಅದು ನಮ್ಮ ಚಾವಿ. ಊಟದ ‘ಮೆಜಾ’ ನಮ್ಮ ಮೇಜು. ‘ಸಬಾಂವ್’ ಸಾಬೂನಿನ ಬಳಗ, ‘ತುವಾಲ್ಯಾ’ ತುವಾಲಿನದು. ಐದು ಶತಮಾನಗಳ ಹಿಂದೆ ಅವರ ಹಡಗುಗಳು ನಮ್ಮ ಕರಾವಳಿಗೆ ಬಂದಾಗ ಬಿಟ್ಟುಹೋದ ಮಾತುಗಳು ಇವುಗಳಲ್ಲಿವೆ. ಆ ಅತಿಥಿಗಳಾದರೋ ಬಂದ ಕಡೆ ಕೋಟೆ ಕಟ್ಟಿ ಕುಳಿತರು. ಇಂದು ಅವರ ಊರಿಗೆ ಹೋಗುವ ನಮ್ಮ ಮಕ್ಕಳು ಒಂದು ಹಾಸಿಗೆಯಷ್ಟೇ ಜಾಗ ಕೇಳಿ, ಅದನ್ನು ಮಡಿಸಿಟ್ಟು, ಚಾವಿಯನ್ನು ಮರಳಿಸಿ, ಒಳ್ಳೆಯ ಹೆಸರು ಉಳಿಸಿ ಬಂದರೆ ಅವರ ಪ್ರವಾಸ ಸಾರ್ಥಕವಾದೀತು.