ನಮ್ಮ ಆಯಿ ಕೆಲಸ ಮಾಡುವುದಿಲ್ಲ

ಈ ಸೆಮಿಸ್ಟರ್‌ನಲ್ಲಿ ನಾನು ಡೆಲ್ಫ್ ಎ2 ಅನ್ನೋ ಫ್ರೆಂಚ್ ಪರೀಕ್ಷೆಗೆ ಓದ್ತಾ ಇದ್ದೀನಿ. ಬಾಗಲಕೋಟೆಯಲ್ಲಿ ಕೂತು ಫ್ರೆಂಚ್ ಯಾಕೆ ಅಂತ ರೂಮ್‌ಮೇಟ್ ದಿನಾ ಕೇಳ್ತಾಳೆ. ಮಾಸ್ಟರ್ಸ್‌ಗೆ ಫ್ರಾನ್ಸಿಗೆ ಹೋಗೋ ಆಸೆ, ಅಷ್ಟೇ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ತಲಾ 25 ಅಂಕ. ಒಟ್ಟು 50 ಬಂದರೆ ಪಾಸು. ಆದರೆ ಯಾವುದೇ ಒಂದರಲ್ಲಿ 5ಕ್ಕಿಂತ ಕಡಿಮೆ ಬಂದರೆ ಫೇಲು. ನನಗೆ ಭಯ ಇರೋದು ಮಾತಾಡೋದರದ್ದೇ.

ಊರಿನ ಬಗ್ಗೆ ಕೇಳಿದರೆ ಹೇಳೋಕೆ ಬಾದಾಮಿ ಗುಹೆಗಳ ಮೇಲೆ ಒಂದು ಪ್ಯಾರಾ ಬಾಯಿಪಾಠ ಮಾಡಿದ್ದೆ. ಮೂರನೇ ಗುಹೆ, ಕ್ರಿ.ಶ. 578ರ ಶಾಸನ, ಕೆಂಪು ಬಂಡೆ, ಕೆರೆ. ನಮ್ಮೂರು ಇಳಕಲ್. ಬಾದಾಮಿಗೆ ನಾನು ಹೋಗಿದ್ದೇ ಎರಡು ಸಲ, ಎರಡೂ ಸ್ಕೂಲ್ ಟ್ರಿಪ್!

ಆನ್‌ಲೈನ್ ಮಾಕ್ ಟೆಸ್ಟ್‌ನಲ್ಲಿ ಮೇಡಂ ಎರಡೇ ವಾಕ್ಯಕ್ಕೆ ನಿಲ್ಲಿಸಿ, ನಿಮ್ಮ ಅಜ್ಜಿ ಏನು ಮಾಡ್ತಾರೆ ಅಂತ ಕೇಳಿದರು. ಪುಸ್ತಕದ ವಾಕ್ಯ ರೆಡಿ ಇತ್ತು. "ಎಲ್ ನ ತ್ರವಾಯ್ ಪಾ." ಅವರು ಕೆಲಸ ಮಾಡುವುದಿಲ್ಲ, ಮನೆಯಲ್ಲೇ ಇರ್ತಾರೆ. ವ್ಯಾಕರಣ ಸರಿ ಇತ್ತು. ಮೇಡಂ ಭೇಷ್ ಅಂದರು.

ಆ ಶನಿವಾರ ಹುನಗುಂದದಲ್ಲಿ ಬಸ್ ಬದಲಿಸಿ ಊರಿಗೆ ಹೋದೆ. ಓಣಿ ತಿರುಗಿದ ಕೂಡಲೇ ಮಗ್ಗದ ಸಪ್ಪಳ. ಆಯಿ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು. ನಾನು ಹುಟ್ಟೋಕೆ ಮುಂಚಿನಿಂದ ಅಲ್ಲೇ ಕೂತಿದ್ದಾಳೆ. ನನ್ನ ಇಂಗ್ಲಿಷ್ ಮೀಡಿಯಂ ಫೀಸಿನ ಎಷ್ಟೋ ಭಾಗ ಆ ಕುಣಿಯಿಂದಲೇ ಎದ್ದು ಬಂದದ್ದು. ಕೆಲಸ ಮಾಡುವುದಿಲ್ಲವಂತೆ.

ರಾತ್ರಿ ಡಿಕ್ಷನರಿ ತೆಗೆದೆ. ಮಗ್ಗಕ್ಕೆ ಫ್ರೆಂಚಿನಲ್ಲಿ ಮೆತಿಯೇ ಅಂತಾರೆ. ಕಸುಬಿಗೂ ಅದೇ ಪದ, ಮೆತಿಯೇ! ಲಾಳಿಗೆ ನಾವೆತ್. ಎರಡು ಊರಿನ ನಡುವೆ ಹೋಗಿ ಬರೋ ಬಸ್ಸಿಗೂ ನಾವೆತ್ (ಹುನಗುಂದದ ಬಸ್ಸಿಗೆ ಸರಿಯಾದ ಹೆಸರು). ಆಯಿ ಮಗ್ಗದ ಮೇಲಿರೋ ಜಕಾರ್ಡ್ ಅಂತೂ ಪೂರ್ತಿ ಫ್ರೆಂಚ್. ಅದು ಲಿಯೋನ್ ಊರಿನ ಜಾಕಾರ್ ಅನ್ನುವವನ ಹೆಸರು, 1804ರ ಯಂತ್ರ. ಅದರ ತೂತಿನ ಕಾರ್ಡೇ ಮುಂದೆ ಕಂಪ್ಯೂಟರ್ ಪಂಚ್ ಕಾರ್ಡಿಗೆ ದಾರಿ ಆಯ್ತು ಅಂತ ಫಸ್ಟ್ ಇಯರ್‌ನಲ್ಲಿ ಓದಿ ಮಾರ್ಕ್ಸ್ ತಗೊಂಡಿದ್ದೆ. ತಲೆ ಎತ್ತಿ ಮನೆಯದನ್ನು ನೋಡಿರಲಿಲ್ಲ.

ಬಾದಾಮಿ ಪ್ಯಾರಾ ಹರಿದು ಹಾಕಿದೆ. ಹೊಸದು ಬರೆದು ಬೆಳಿಗ್ಗೆ ಆಯಿ ಮುಂದೆ ಓದಿದೆ, ಆಮೇಲೆ ಕನ್ನಡದಲ್ಲಿ ಹೇಳಿದೆ. ಹಾಸು, ಹೊಕ್ಕು, ಕೆಂಪು ಸೆರಗು, ಎಲ್ಲಾ ಇತ್ತು. ಅವಳು ಲಾಳಿ ನಿಲ್ಲಿಸಿ ಕೇಳಿದಳು.

"ಕೊಂಡಿ ಹೆಂಗ ಹಾಕ್ತಾರಂತ ಹೇಳಿದೇನ್ ಯವ್ವಾ? ಅದಿಲ್ಲಾಂದ್ರ ಅದು ಇಲಕಲ್ ಸೀರಿ ಹೆಂಗಾದೀತು?"

ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸೋದು. ಅದಕ್ಕೆ ಡಿಕ್ಷನರಿಯಲ್ಲಿ ಪದ ಸಿಗಲಿಲ್ಲ. ಆಯಿ ಪಕ್ಕಕ್ಕೆ ಸರಿದು ಜಾಗ ಮಾಡಿ, "ಬಾ, ಕೂಡ" ಅಂದಳು. ನಾನು ಫೋನ್ ಕೆಳಗಿಟ್ಟು ಕುಣಿಗೆ ಇಳಿದೆ.