ಸಡಾದಿಂದ ಊರು ಎಷ್ಟು ದೂರ?

ಸಡಾದ ಗುಡ್ಡದ ಮೇಲೆ ನಿಂತವರಿಗೆ ಮೂರು ದಾರಿಗಳ ನೆನಪು ಒಟ್ಟಿಗೆ ಬರುತ್ತದೆ. ಕೆಳಗೆ ಮುರಗಾಂವ ಬಂದರಿನ ಹಡಗುಗಳು, ಬಂದರಿನಿಂದ ವಾಸ್ಕೊ ಕಡೆಗೆ ಸಾಗುವ ರೈಲುಹಳಿ, ಆಕಾಶದಲ್ಲಿ ದಾಬೋಳಿಗೆ ಇಳಿಯುವ ವಿಮಾನ. ವಿಮಾನವನ್ನು ಕಂಡ ಮಕ್ಕಳು ಕೇಳುತ್ತಾರೆ: ಇದರಲ್ಲಿ ಕುಳಿತರೆ ಊರಿಗೆ ಎಷ್ಟು ಹೊತ್ತು?

ನಮ್ಮಲ್ಲಿ ಅನೇಕರ ಊರಿನ ಬಾಗಿಲು ಹುಬ್ಬಳ್ಳಿ. ದಾಬೋಳಿ ಮತ್ತು ಹುಬ್ಬಳ್ಳಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಭೂಪಟದಲ್ಲಿ ನೇರ ಗೆರೆ ಎಳೆದರೆ ನಡುವಿನ ದೂರ ಸುಮಾರು 135 ಕಿ.ಮೀ. ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದು ಹಿಡಿದರೆ ಉತ್ತರ ಹತ್ತು ನಿಮಿಷ!

ಭಾಗಾಕಾರ ಸರಿಯಾಗಿದೆ, ಪ್ರಯಾಣ ಹಾಗಿರುವುದಿಲ್ಲ. ದಾಬೋಳಿಯಿಂದ ಬೆಂಗಳೂರಿಗೆ ನೇರ ದೂರ ಸುಮಾರು 480 ಕಿ.ಮೀ. ಅದೇ ಲೆಕ್ಕದಲ್ಲಿ 36 ನಿಮಿಷ ಸಾಕು. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಗೂ ಹೆಚ್ಚು ಸಮಯವಿರುತ್ತದೆ. ವಿಮಾನವು ನಿಂತ ಜಾಗದಿಂದ ರನ್‌ವೇವರೆಗೆ ನಿಧಾನವಾಗಿ ಉರುಳಬೇಕು, ಮೇಲೇರಬೇಕು, ಸರದಿ ಕಾದು ಇಳಿಯಬೇಕು. ಪೂರ್ಣ ವೇಗದಲ್ಲಿ ಹಾರುವುದು ನಡುವಿನ ಸ್ವಲ್ಪ ಹೊತ್ತು ಮಾತ್ರ. ದಾರಿ ಚಿಕ್ಕದಾದಷ್ಟೂ ಈ ಲೆಕ್ಕ ಹೆಚ್ಚು ತಪ್ಪುತ್ತದೆ.

ನೆಲದ ದಾರಿಯ ಕಥೆ ಬೇರೆ. ವಾಸ್ಕೊದಿಂದ ಹುಬ್ಬಳ್ಳಿಗೆ ಹಳಿಯ ಉದ್ದ ಸುಮಾರು 200 ಕಿ.ಮೀ.; ರೈಲಿಗೆ ಐದಾರು ಗಂಟೆ ಬೇಕು. ಕುಳೆ ದಾಟಿದೊಡನೆ ಸಹ್ಯಾದ್ರಿ ಎದುರಾಗುತ್ತದೆ. ಇಲ್ಲಿ ಹಳಿ 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರುತ್ತದೆ. ರೈಲನ್ನು ತಳ್ಳಲು ಹಿಂದೆಯೂ ಇಂಜಿನ್ನುಗಳನ್ನು ಜೋಡಿಸುತ್ತಾರೆ. ಸುರಂಗಗಳನ್ನೂ ದೂಧಸಾಗರ ಜಲಪಾತವನ್ನೂ ದಾಟಿ ಕ್ಯಾಸಲ್‌ರಾಕ್ ತಲುಪಿದರೆ ಅದು ಕರ್ನಾಟಕ. 1888ರಿಂದ ಬಂದರನ್ನೂ ಘಟ್ಟದ ಮೇಲಿನ ನಾಡನ್ನೂ ಕೂಡಿಸಿರುವುದು ಈ ದಾರಿಯೇ.

ಆದರೆ ಒಂದು ಕಾಲದಲ್ಲಿ ಈ ಐದಾರು ಗಂಟೆಯ ದಾರಿಗೆ ಕೊನೆಯೇ ಇರಲಿಲ್ಲ. ಗೋವೆ ಪೋರ್ಚುಗೀಸರ ವಶದಲ್ಲಿದ್ದಾಗ, 1955ರಲ್ಲಿ, ಗಡಿ ಮುಚ್ಚಿ ರೈಲು ನಿಂತಿತು. ಅದೇ ವರ್ಷ ಪೋರ್ಚುಗೀಸರು ದಾಬೋಳಿಯಿಂದ ವಿಮಾನ ಸಂಚಾರ ಆರಂಭಿಸಿದರು. ಅವರ ವಿಮಾನಗಳು ದಮನ್, ದಿಯುಗಳಿಗೆ ಮಾತ್ರವಲ್ಲ, ಕರಾಚಿಗೂ ಹೋಗುತ್ತಿದ್ದವು. ನೇರ ಗೆರೆಯಲ್ಲಿ ಸುಮಾರು 1,260 ಕಿ.ಮೀ. ದೂರದ ಕರಾಚಿಗೆ ದಾರಿಯಿತ್ತು, 135 ಕಿ.ಮೀ. ಆಚೆಗಿನ ಹುಬ್ಬಳ್ಳಿಗೆ ರೈಲಿರಲಿಲ್ಲ. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡ ಬಳಿಕವೇ ಘಟ್ಟದ ಹಳಿಯ ಮೇಲೆ ಮತ್ತೆ ಜನ ಓಡಾಡಿದರು. ನಮ್ಮ ಹಿರಿಯರು ಬುತ್ತಿ ಕಟ್ಟಿಕೊಂಡು ಕೆಲಸ ಹುಡುಕುತ್ತ ಇಳಿದುಬಂದ ದಾರಿಯೂ ಇದೇ.

ಆದ್ದರಿಂದ ದೂರವೆಂಬುದು ಕಿಲೋಮೀಟರಿನ ಮಾತಷ್ಟೇ ಅಲ್ಲ. ನಡುವೆ ಏನಿದೆ, ದಾರಿ ತೆರೆದಿದೆಯೇ, ನಾವು ಹೊರಡುತ್ತೇವೆಯೇ ಎಂಬುದೂ ಅದರಲ್ಲಿ ಸೇರಿದೆ. ಇಂದು ಗಡಿಯಲ್ಲಿ ತಡೆಯುವವರಿಲ್ಲ. ಆದರೂ ರಜೆ ಸಿಗಲಿಲ್ಲ, ಪರೀಕ್ಷೆ ಬಂತು ಎಂದು ಊರಿನ ಪ್ರಯಾಣವನ್ನು ವರ್ಷದಿಂದ ವರ್ಷಕ್ಕೆ ಮುಂದೂಡುತ್ತೇವೆ. ತೆರೆದ ದಾರಿ ನಮ್ಮಿಂದಲೇ ಮುಚ್ಚಬಾರದು.

ಈ ಬೇಸಿಗೆಯಲ್ಲಿ ಮಕ್ಕಳನ್ನು ಒಮ್ಮೆ ಹಗಲಿನ ರೈಲಿನಲ್ಲಿ ಕರೆದೊಯ್ಯಿರಿ. ಕಿಟಕಿಯ ಬಳಿ ಕೂರಿಸಿ, ಸುರಂಗಗಳನ್ನು ಎಣಿಸಲು ಹೇಳಿ. ಊರು ಎಷ್ಟು ದೂರವೆಂಬ ಪ್ರಶ್ನೆಗೆ ಆಮೇಲೆ ಅವರೇ ಉತ್ತರ ಹೇಳುತ್ತಾರೆ.